ರೋಗಿಯಿಲ್ಲದ ಪ್ರಕರಣ: ನಮ್ಮ ತಿರುವಿನ ಕೆಂಪು ಗೋಬಿ

ನಮ್ಮ ಶಾಲೆಯ ಗೇಟಿನಿಂದ ನೂರು ಹೆಜ್ಜೆ ನಡೆದರೆ ಬಸ್ ನಿಲ್ದಾಣದ ತಿರುವು. ಸಂಜೆ ನಾಲ್ಕೂವರೆಗೆ ಅಲ್ಲಿಗೊಂದು ತಳ್ಳುಗಾಡಿ ಬಂದು ನಿಲ್ಲುತ್ತದೆ. ಒಂದು ಬಾಣಲೆಯಲ್ಲಿ ಎಣ್ಣೆ ಕಾಯುತ್ತಿರುತ್ತದೆ, ಇನ್ನೊಂದರಿಂದ ಈರುಳ್ಳಿ, ಬೆಳ್ಳುಳ್ಳಿ ಹುರಿದ ವಾಸನೆ ರಸ್ತೆಯ ಆಚೆ ಬದಿಗೂ ಬರುತ್ತದೆ. ಪಕ್ಕದ ಬಕೆಟ್ಟಿನಲ್ಲಿ ಮೈದಾ ಮತ್ತು ಕಾರ್ನ್‌ಫ್ಲೋರ್ ಕಲಸಿದ ಹಿಟ್ಟು. 2024ರ ಮಾರ್ಚ್‌ವರೆಗೆ ಆ ಹಿಟ್ಟು ದಾಸವಾಳದ ಹೂವಿನಷ್ಟು ಕೆಂಪಗಿರುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಟ್ಯೂಷನ್ನಿಗೆ ಹೋಗುವ ಮೊದಲು ಅಲ್ಲಿ ನಿಂತು ಹಾಫ್ ಪ್ಲೇಟ್ ಗೋಬಿ ತಿನ್ನುತ್ತಾರೆ. ಮಧ್ಯಾಹ್ನದ ಊಟದಿಂದ ರಾತ್ರಿಯ ಊಟದವರೆಗೆ ಅವರಲ್ಲಿ ಅನೇಕರ ಹೊಟ್ಟೆಗೆ ಬೀಳುವುದು ಅದೊಂದೇ.

ನಾನು ಆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ವಿಷಯ ನನ್ನ ಗಮನಕ್ಕೆ ಬಂದದ್ದು ಒಂದು ಸಮವಸ್ತ್ರದಿಂದ. ಎಂಟನೆಯ ತರಗತಿಯ ಹುಡುಗನೊಬ್ಬನ ಬಿಳಿ ಅಂಗಿಯ ಜೇಬಿನ ಮೇಲೆ ಗುಲಾಬಿ ಕೆಂಪಿನ ಕಲೆಯಿತ್ತು. ಪೋಷಕರ ಸಭೆಗೆ ಬಂದ ಅವನ ತಾಯಿ ಅದನ್ನು ತೋರಿಸಿದರು. “ಸಾರಿನ ಕಲೆ, ಅರಿಸಿನದ ಕಲೆ ಒಗೆದು ಬಿಸಿಲಿಗೆ ಹಾಕಿದರೆ ಹೋಗುತ್ತವೆ ಮೇಷ್ಟ್ರೇ. ಇದು ನಾಲ್ಕು ಸಲ ಒಗೆದರೂ ಹೋಗಲಿಲ್ಲ. ಇದನ್ನು ತಿಂದ ಹೊಟ್ಟೆ ಏನಾಗಬೇಕು?” ಎಂದು ಕೇಳಿದರು. ಕಲೆಯನ್ನು ನೋಡಿದ ಮಾತ್ರಕ್ಕೆ ಅದು ಯಾವ ಬಣ್ಣ ಎಂದು ಹೇಳಲು ಬರುವುದಿಲ್ಲ, ಅದಕ್ಕೆ ಪ್ರಯೋಗಾಲಯ ಬೇಕು. ಅಷ್ಟನ್ನು ಹೇಳಿ ಕಳುಹಿಸಿದೆ. ಹೇಳಿದ್ದು ಸರಿಯಾಗಿತ್ತು, ಆದರೆ ಆ ತಾಯಿಗೆ ಅದರಿಂದ ಏನೂ ಸಿಗಲಿಲ್ಲ.

ಶಿಕ್ಷಕರ ಕೊಠಡಿಯಲ್ಲಿ ಮಾತು ಮುಂದುವರಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ನೇರವಾಗಿ ಕೇಳಿದರು: ನಮ್ಮ ಊರಿನಲ್ಲಿ ಗೋಬಿ ತಿಂದು ಆಸ್ಪತ್ರೆ ಸೇರಿದವರು ಒಬ್ಬರಾದರೂ ಇದ್ದಾರೆಯೇ? ಇಲ್ಲವೆಂದಾದರೆ ಇದು ಸಾರ್ವಜನಿಕ ಆರೋಗ್ಯದ ಸಮಸ್ಯೆ ಹೇಗಾಗುತ್ತದೆ? ಅವರು ಕೊಂಕಿಗಾಗಿ ಕೇಳಿದವರಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 11

ಆ ವರ್ಷ ಮೊದಲು ಎಚ್ಚೆತ್ತದ್ದು ನೆರೆಹೊರೆ. ಫೆಬ್ರುವರಿಯಲ್ಲಿ ಪುದುಚೇರಿ, ಅದರ ಹಿಂದೆಯೇ ತಮಿಳುನಾಡು ಕಾಟನ್ ಕ್ಯಾಂಡಿಯ ಮಾರಾಟವನ್ನು ನಿಷೇಧಿಸಿದವು. ನಾವು ಜಾತ್ರೆಗಳಲ್ಲಿ ಬೊಂಬಾಯಿ ಮಿಠಾಯಿ ಎಂದು ಕರೆಯುತ್ತಿದ್ದ ತಿನಿಸು ಅದು. ಗೋವಾದ ಮಾಪುಸಾ ಪುರಸಭೆ ಗೋಬಿ ಮಂಚೂರಿಯನ್ನೇ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿತು. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಫಲಿತಾಂಶ ಪ್ರಕಟಿಸಿದರು. ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ. ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಪರೀಕ್ಷೆಯಲ್ಲಿ ಹೊರಬಿದ್ದ ಬಣ್ಣಗಳು ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಮತ್ತು ರೋಡಮೈನ್-ಬಿ.

ನಮ್ಮ ಸರ್ಕಾರ ತಿನಿಸನ್ನು ನಿಷೇಧಿಸದೆ ಬಣ್ಣವನ್ನು ನಿಷೇಧಿಸಿತು. ಈ ಒಂದು ವಿವೇಕಕ್ಕೆ ನಾನು ಕೃತಜ್ಞ. ಗಾಡಿಯನ್ನೇ ಓಡಿಸಿದ್ದರೆ ಒಂದು ಸಂಸಾರದ ಅನ್ನ ಹೋಗುತ್ತಿತ್ತು, ಬಣ್ಣದ ಪುಡಿ ಮಾತ್ರ ಇನ್ನೊಂದು ತಿನಿಸಿನ ಬೆನ್ನೇರಿ ಬರುತ್ತಿತ್ತು. ಅದು ಹಾಗೆ ಬೆನ್ನೇರಿದ್ದನ್ನು ಮುಂದಿನ ತಿಂಗಳುಗಳು ತೋರಿಸಿಯೂ ಕೊಟ್ಟವು. ಜೂನ್‌ನಲ್ಲಿ ಕಬಾಬಿನ 39 ಮಾದರಿಗಳಲ್ಲಿ 8 ಅಸುರಕ್ಷಿತವೆಂದು ತಿಳಿದು, ಕೋಳಿ, ಮೀನು, ಸಸ್ಯಾಹಾರದ ಕಬಾಬುಗಳಿಗೂ ಕೃತಕ ಬಣ್ಣ ನಿಷಿದ್ಧವಾಯಿತು. ಪಾನಿಪುರಿಯ ಸರದಿ ಅದರ ಬೆನ್ನಿಗೇ ಬಂತು. ಅಕ್ಟೋಬರ್ ಹೊತ್ತಿಗೆ ಬೇಕರಿ ಕೇಕುಗಳು: 235ರಲ್ಲಿ 12.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಕೆಂಪಗೆ ಹೊಳೆಯುವ ತಟ್ಟೆಯ ಕಡೆಗೇ ಅಧಿಕಾರಿಯ ಕೈ ಮೊದಲು ಹೋಗುವುದು ಸಹಜ. ಆದ್ದರಿಂದ ರಾಜ್ಯದ ಗೋಬಿಯಲ್ಲಿ ನೂರಕ್ಕೆ ಅರವತ್ತೆರಡು ಪಾಲು ವಿಷ ಎಂದು ಹೇಳುವುದು ತಪ್ಪಾಗುತ್ತದೆ. ಆದರೆ 171 ಕಡೆ ಕೈಯಿಟ್ಟರೆ 107 ಕಡೆ ಸಿಕ್ಕಿತು ಎಂದ ಮೇಲೆ ಇದನ್ನು ಯಾರೋ ಒಬ್ಬ ಕೆಟ್ಟ ವ್ಯಾಪಾರಿಯ ಕಥೆ ಎಂದು ತಳ್ಳಿಹಾಕಲೂ ಆಗದು. ಇದು ಆ ಕಸುಬಿನ ವಾಡಿಕೆಯಾಗಿಬಿಟ್ಟಿತ್ತು. ಸಹೋದ್ಯೋಗಿಯ ಪ್ರಶ್ನೆಗೆ ನನ್ನ ಮೊದಲ ಉತ್ತರ ಅಲ್ಲಿದೆ. ಒಬ್ಬ ಮಾಡಿದರೆ ಅದು ಮೋಸ. ಊರೂರಿನ ಗಾಡಿಗಳು ಒಬ್ಬರನ್ನೊಬ್ಬರು ನೋಡಿ ಅದನ್ನೇ ಮಾಡುವಾಗ, ತಿನ್ನುವವರು ದಿನವೂ ಅದನ್ನೇ ತಿನ್ನುವಾಗ, ಅದು ಆರೋಗ್ಯದ ಸಮಸ್ಯೆ.

ಪುಡಿಯ ಗುಣ

ನಮ್ಮ ದೇಶದಲ್ಲಿ ಆಹಾರಕ್ಕೆ ಬಳಸಲು ಎಂಟು ಕೃತಕ ಬಣ್ಣಗಳಿಗೆ ಅನುಮತಿಯಿದೆ. ಕೆಂಪಿಗೆ ಪೋನ್ಸೋ 4ಆರ್, ಕಾರ್ಮೋಸಿನ್, ಎರಿಥ್ರೋಸಿನ್. ಹಳದಿಗೆ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ. ನೀಲಿಗೆ ಎರಡು, ಹಸಿರಿಗೆ ಒಂದು. ಇವನ್ನೂ ಬೇಕಾದಲ್ಲೆಲ್ಲ ಸುರಿಯುವಂತಿಲ್ಲ. ಐಸ್ ಕ್ರೀಂ, ಬಿಸ್ಕತ್ತು, ಕೇಕ್, ಸಿಹಿತಿಂಡಿಗಳಂತಹ ಹೆಸರಿಸಿದ ತಿನಿಸುಗಳಿಗೆ ಮಾತ್ರ, ಅದೂ ಗೊತ್ತುಪಡಿಸಿದ ಮಿತಿಯೊಳಗೆ. ಗೋಬಿ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಮಿಠಾಯಿ ಅಂಗಡಿಯಲ್ಲಿ ಕಾನೂನುಬದ್ಧವಾದ ಸನ್‌ಸೆಟ್ ಯೆಲ್ಲೋ ಪಕ್ಕದ ಗಾಡಿಯ ಹಿಟ್ಟಿಗೆ ಬಿದ್ದೊಡನೆ ಅಪರಾಧವಾಗುತ್ತದೆ. ಒಂದೇ ದಿನಸಿ ಅಂಗಡಿಯಿಂದ ಒಂದೇ ಬಗೆಯ ಪುಡಿಯ ಪೊಟ್ಟಣ ಒಯ್ಯುವ ಇಬ್ಬರಲ್ಲಿ ಒಬ್ಬ ಸರಿ, ಇನ್ನೊಬ್ಬ ತಪ್ಪು. ಈ ವ್ಯತ್ಯಾಸವನ್ನು ಗಾಡಿಯವನಿಗೆ ಯಾರೂ ತಿಳಿಸಿ ಹೇಳಿರಲಿಲ್ಲ.

ರೋಡಮೈನ್-ಬಿಯ ಮಾತೇ ಬೇರೆ. ಅದಕ್ಕೆ ಯಾವ ಆಹಾರದಲ್ಲೂ ಜಾಗವಿಲ್ಲ. ಬಟ್ಟೆ, ಕಾಗದ, ಚರ್ಮಕ್ಕೆ ಬಣ್ಣ ಕಟ್ಟುವ ವಸ್ತು ಅದು. ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಕಾವಿಗೆ ಅಷ್ಟಾಗಿ ಮಾಸುವುದಿಲ್ಲ, ಚಿಟಿಕೆಯಷ್ಟು ಹಾಕಿದರೆ ಬಕೆಟ್ ತುಂಬ ಹಿಟ್ಟು ಹೊಳೆಯುತ್ತದೆ. ಬೀದಿ ವ್ಯಾಪಾರಕ್ಕೆ ಬೇಕಾದ ಗುಣಗಳೆಲ್ಲ ಅದರಲ್ಲಿವೆ, ತಿನ್ನಬಹುದೆಂಬ ಗುಣ ಒಂದನ್ನು ಬಿಟ್ಟು. ಕೆಂಪು ಕಾಣಲೆಂದು ರಾಗಿಗೂ ಇದನ್ನು ಬೆರೆಸುವುದುಂಟು. ಅದನ್ನು ಮನೆಯಲ್ಲೇ ಪತ್ತೆಹಚ್ಚುವ ಬಗೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವೇ ತಿಳಿಸಿಕೊಟ್ಟಿದೆ: ಒಂದು ಹತ್ತಿಯುಂಡೆಯನ್ನು ನೀರಿನಲ್ಲಿ, ಇನ್ನೊಂದನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ ರಾಗಿಯ ಮೇಲೆ ಉಜ್ಜಬೇಕು, ಹತ್ತಿಗೆ ಬಣ್ಣ ಹತ್ತಿದರೆ ಅನುಮಾನ ನಿಜ. ಒಂಬತ್ತನೆಯ ತರಗತಿಯಲ್ಲಿ ನಾವು ಇದನ್ನು ಮಾಡಿ ನೋಡಿದೆವು. ಮಕ್ಕಳು ಮನೆಯಿಂದ ತಂದಿದ್ದ ಹಿಡಿ ಹಿಡಿ ರಾಗಿಯಲ್ಲಿ ಯಾವುದೂ ಬಣ್ಣ ಬಿಡಲಿಲ್ಲ. ಆ ದಿನ ನನಗಾದ ಸಮಾಧಾನವನ್ನು ಮರೆಯಲಾರೆ.

ಈಗ ಕ್ಯಾನ್ಸರಿನ ಮಾತು. ಸುದ್ದಿಯ ಶೀರ್ಷಿಕೆಗಳೆಲ್ಲ ಅದನ್ನೇ ಹೇಳಿದವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೋಡಮೈನ್-ಬಿಯನ್ನು ಇರಿಸಿರುವುದು ಮೂರನೆಯ ಗುಂಪಿನಲ್ಲಿ. ಪ್ರಾಣಿಗಳಲ್ಲಿ ಒಂದಿಷ್ಟು ಸುಳಿವಿದೆ, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಯೋ ಇಲ್ಲವೋ ಹೇಳಲು ಆಧಾರ ಸಾಲದು ಎಂದು ಆ ಗುಂಪಿನ ಅರ್ಥ. ಇದನ್ನು ನಾನು ಮಕ್ಕಳಿಗೂ ಮುಚ್ಚಿಡಲಿಲ್ಲ. ಹೆದರಿಸಿ ಕಲಿಸಿದ ಪಾಠ ಹೆದರಿಕೆ ಇಳಿದ ದಿನ ಮರೆತುಹೋಗುತ್ತದೆ. ಆದರೆ ಆಧಾರ ಸಾಲದು ಎಂಬ ಮಾತನ್ನು ತಿನ್ನಬಹುದು ಎಂಬುದಕ್ಕೆ ಅನುಮತಿಯಾಗಿ ಓದಿಕೊಳ್ಳಬಾರದು. ಆಹಾರದ ನ್ಯಾಯ ಇರುವುದೇ ತಿರುವುಮುರುವಾಗಿ: ಕೆಡುಕು ಸಾಬೀತಾಗುವವರೆಗೆ ತಿನ್ನಿಸುವುದಲ್ಲ, ಸುರಕ್ಷಿತವೆಂದು ತೋರಿಸಿಕೊಟ್ಟ ಮೇಲೆ ತಿನ್ನಿಸುವುದು. ಪ್ರಯೋಗಕ್ಕೆ ಒಳಗಾಗುವವರು ಹದಿಮೂರು ವರ್ಷದ ಮಕ್ಕಳಾದಾಗ ಈ ನಿಯಮವನ್ನು ಸಡಿಲಿಸಲು ಯಾರಿಗೂ ಹಕ್ಕಿಲ್ಲ.

ಅನುಮತಿಯಿರುವ ಬಣ್ಣಗಳೂ ಪೂರ್ತಿ ನಿರ್ಮಲವಲ್ಲ. 2007ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಆಹಾರ ಬಣ್ಣಗಳ ಮಿಶ್ರಣಕ್ಕೂ ಮಕ್ಕಳ ಅತಿಚಟುವಟಿಕೆಗೂ ನಂಟಿರುವುದನ್ನು ತೋರಿಸಿದರು. 2010ರಿಂದ ಯುರೋಪಿನಲ್ಲಿ ಅಂತಹ ಆರು ಬಣ್ಣಗಳಿರುವ ಪೊಟ್ಟಣದ ಮೇಲೆ ಮಕ್ಕಳ ಚಟುವಟಿಕೆ ಮತ್ತು ಗಮನಕ್ಕೆ ತೊಂದರೆಯಾಗಬಹುದು ಎಂದು ಅಚ್ಚು ಹಾಕಲೇಬೇಕು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಮೂರೂ ಆ ಆರರಲ್ಲಿವೆ. ಗೋಬಿ ತಟ್ಟೆಯ ಮೇಲೆ ಅಚ್ಚು ಹಾಕುವವರು ಯಾರು?

ಕಾನೂನು ರೋಗಿಯನ್ನು ಕೇಳುತ್ತದೆ

ಘೋಷಣೆಯ ದಿನ ಎಲ್ಲರ ಬಾಯಲ್ಲೂ ಇದ್ದದ್ದು ಶಿಕ್ಷೆಯ ಮಾತು: ಏಳು ವರ್ಷದಿಂದ ಜೀವಾವಧಿವರೆಗೆ ಸೆರೆ, ಹತ್ತು ಲಕ್ಷ ರೂಪಾಯಿ ದಂಡ. ನಾನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯನ್ನು ತೆರೆದು 59ನೆಯ ಸೆಕ್ಷನ್ ಓದಿದೆ. ಅಲ್ಲಿ ಶಿಕ್ಷೆಗೆ ನಾಲ್ಕು ಮೆಟ್ಟಿಲುಗಳಿವೆ. ಅಸುರಕ್ಷಿತ ಆಹಾರ ಮಾರಿದರೂ ಯಾರಿಗೂ ಹಾನಿಯಾಗದಿದ್ದರೆ ಕೆಲವು ತಿಂಗಳ ಸೆರೆ. ಗಂಭೀರವಲ್ಲದ ಹಾನಿಯಾದರೆ ಒಂದು ವರ್ಷದವರೆಗೆ. ಗಂಭೀರ ಹಾನಿಯಾದರೆ ಆರು ವರ್ಷದವರೆಗೆ. ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಗೂ ಹೋಗಬಹುದಾದ ಶಿಕ್ಷೆ ನಾಲ್ಕನೆಯ ಮೆಟ್ಟಿಲಲ್ಲಿದೆ, ಅದು ಸಾವು ಸಂಭವಿಸಿದಾಗ.

ಈ ಪ್ರಕರಣದ ಗಂಟು ಇರುವುದೇ ಇಲ್ಲಿ ಎಂದು ನನ್ನ ತೀರ್ಮಾನ. ಬಣ್ಣ ಕೆಡುಕು ಮಾಡುವುದಾದರೆ ಅದು ವರ್ಷಗಳ ಲೆಕ್ಕದಲ್ಲಿ. ಹನ್ನೆರಡನೆಯ ವಯಸ್ಸಿನಲ್ಲಿ ತಿಂದದ್ದರ ಫಲ ನಲವತ್ತರಲ್ಲಿ ಬಂದರೆ, ಅದು ಆ ತಿರುವಿನ, ಆ ಗಾಡಿಯ, ಆ ಸಂಜೆಯ ತಟ್ಟೆಯಿಂದ ಬಂತೆಂದು ಯಾವ ವೈದ್ಯರೂ ಬರೆದುಕೊಡಲಾರರು, ಯಾವ ನ್ಯಾಯಾಲಯವೂ ಒಪ್ಪಲಾರದು. ಕಾನೂನಿನ ದೊಡ್ಡ ಶಿಕ್ಷೆ ಹಾನಿಗೊಳಗಾದವನನ್ನು ಕೇಳುತ್ತದೆ, ನಿಧಾನದ ವಿಷ ಹಾನಿಗೊಳಗಾದವನನ್ನು ಮುಂದೆ ತಂದು ನಿಲ್ಲಿಸುವುದೇ ಇಲ್ಲ. ಹಾಗಾಗಿ ಬೀದಿಯಲ್ಲಿ ಜೀವಾವಧಿ ಎಂಬ ಮಾತು ಓಡಾಡಿದರೂ ಪುಸ್ತಕದಲ್ಲಿ ಉಳಿಯುವುದು ಮೊದಲನೆಯ ಮೆಟ್ಟಿಲು.

ಅಲ್ಲಿಗೆ ತಲುಪುವುದಕ್ಕೂ ದಾರಿ ಉದ್ದ. ಅಧಿಕಾರಿ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಆಹಾರ ವಿಶ್ಲೇಷಕರು ಹದಿನಾಲ್ಕು ದಿನಗಳಲ್ಲಿ ವರದಿ ಕೊಡಬೇಕು. ವರದಿಯನ್ನು ಒಪ್ಪದ ವ್ಯಾಪಾರಿ ಮೂವತ್ತು ದಿನಗಳೊಳಗೆ ಮೇಲ್ಮನವಿ ಹೋಗಬಹುದು. ಆಗ ಮಾದರಿಯನ್ನು ಮರುಪರೀಕ್ಷೆಗೆಂದು ಗೊತ್ತುಮಾಡಿದ ರೆಫರಲ್ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ, ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಅಂತಹುದರಲ್ಲೊಂದು. ನ್ಯಾಯದ ದೃಷ್ಟಿಯಿಂದ ಇದೆಲ್ಲ ಬೇಕು, ಇದರಲ್ಲಿ ಒಂದನ್ನೂ ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಆ ಹದಿನಾಲ್ಕು ದಿನವೂ ಸಂಜೆ ನಾಲ್ಕೂವರೆಗೆ ಗಾಡಿ ಬರುತ್ತದೆ, ಮಕ್ಕಳೂ ಬರುತ್ತಾರೆ.

ಕಾಯಿಲೆಯ ಎಣಿಕೆಯೂ ಇದೇ ಹಾದಿಯಲ್ಲಿದೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಡಿ ಊರೂರಿನ ವಾಂತಿಭೇದಿ, ಆಹಾರ ವಿಷವಾದ ಘಟನೆಗಳು ದಾಖಲಾಗುತ್ತವೆ. ಮದುವೆ ಊಟ ಮಾಡಿ ಐವತ್ತು ಮಂದಿ ಒಂದೇ ರಾತ್ರಿ ಮಲಗಿದರೆ ಮರುದಿನ ಆರೋಗ್ಯ ಇಲಾಖೆಯ ವಾಹನ ಬರುತ್ತದೆ. ಇದು ದೊಡ್ಡ ಕೆಲಸ. ಕೆಟ್ಟ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4 ಲಕ್ಷ 20 ಸಾವಿರ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತ್ತು. ಆದರೆ ಒಂದೇ ರಾತ್ರಿ ಬೀಳದೆ, ಒಂದೇ ಮನೆಯಲ್ಲಿ ಕಾಣಿಸದೆ, ಸಾವಿರ ಮಕ್ಕಳ ಮೈಯಲ್ಲಿ ಹನಿಹನಿಯಾಗಿ ಸೇರುವುದಕ್ಕೆ ಆ ದಾಖಲೆಯಲ್ಲಿ ಕಾಲಂ ಇಲ್ಲ. ನಮ್ಮ ಊರಿನಲ್ಲಿ ರೋಗಿಯಿಲ್ಲ ಎಂಬ ಸಹೋದ್ಯೋಗಿಯ ಮಾತು ಅಕ್ಷರಶಃ ನಿಜ. ಎಣಿಸಬೇಕಾದದ್ದು ರೋಗಿಗಳನ್ನಲ್ಲ, ತಟ್ಟೆಗಳನ್ನು ಮತ್ತು ಪುಡಿಯ ಪೊಟ್ಟಣಗಳನ್ನು.

ಗಾಡಿಯ ಹಿಂದೆ ನಿಂತವನು

ಘೋಷಣೆಯಾಗಿ ಒಂದು ವಾರದ ಮೇಲೆ ನಾನು ಆ ಗಾಡಿಯ ಯಜಮಾನನ ಬಳಿ ಮಾತಾಡಿದೆ. ಮೂವತ್ತೈದರ ಆಸುಪಾಸಿನ ಮನುಷ್ಯ, ಇಬ್ಬರು ಮಕ್ಕಳು, ಒಬ್ಬಳು ನಮ್ಮ ಶಾಲೆಯಲ್ಲೇ ಆರನೆಯ ತರಗತಿ. ಅವನ ಬಲಗೈಯ ಉಗುರುಸಂದಿಗಳು ಕೆಂಪಾಗಿದ್ದವು. ಆರು ವರ್ಷದಿಂದ ಬರಿಗೈಯಲ್ಲಿ ಆ ಹಿಟ್ಟು ಕಲಸುತ್ತಿದ್ದಾನೆ, ಉಳಿದ ಗೋಬಿಯನ್ನು ರಾತ್ರಿ ಮನೆಗೆ ಒಯ್ಯುತ್ತಾನೆ. ಈ ಬೀದಿಯಲ್ಲಿ ಆ ಬಣ್ಣ ಅತಿ ಹೆಚ್ಚು ಸೇರಿದ್ದು ಯಾರ ಮೈಗೆ ಎಂದು ಕೇಳಿದರೆ ಉತ್ತರ ಅವನೇ, ಅವನ ಮಕ್ಕಳೇ. ಪತ್ರಿಕೆಗಳು ಇಂತಹವರನ್ನು ವಿಷವುಣಿಸುವವರೆಂದು ಕರೆದಾಗ ನನಗೆ ನೋವಾಯಿತು.

“ಬಿಳಿ ಗೋಬಿಯನ್ನು ಯಾರು ಕೊಳ್ಳುತ್ತಾರೆ ಮೇಷ್ಟ್ರೇ? ಹತ್ತು ಹೆಜ್ಜೆ ಆಚೆಯ ಗಾಡಿಯಲ್ಲಿ ಕೆಂಪು ಸಿಗುವಾಗ ನನ್ನ ಹತ್ತಿರ ಯಾಕೆ ನಿಲ್ಲುತ್ತಾರೆ?” ಎಂದ. ಅವನ ಲೆಕ್ಕ ಸರಿಯಾಗಿತ್ತು. ಒಬ್ಬ ಬಿಟ್ಟರೆ ಒಬ್ಬನೇ ಸೋಲುತ್ತಾನೆ, ಎಲ್ಲರೂ ಒಂದೇ ದಿನ ಬಿಟ್ಟರೆ ಯಾರೂ ಸೋಲುವುದಿಲ್ಲ. ನಿಷೇಧ ಅವನಿಗೆ ಉಪಕಾರ ಮಾಡಿದ್ದು ಈ ದಾರಿಯಲ್ಲಿ: ಆಚೆಯ ಗಾಡಿಯವನೂ ಅದೇ ವಾರ ಹೆದರಿ ಬಿಟ್ಟ.

ಹಾಗಾದರೆ ಕೆಂಪಿಗೆ ಏನು? ಇಲ್ಲಿ ನನ್ನ ವಿಜ್ಞಾನ ಸ್ವಲ್ಪ ಕೆಲಸಕ್ಕೆ ಬಂತು. ಮೊದಲು ಬೀಟ್‌ರೂಟ್ ರಸ ಹಾಕಿ ನೋಡಿದ, ಎಣ್ಣೆಯ ಕಾವಿಗೆ ಅದು ಕಂದಾಯಿತು. ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಹಿಟ್ಟಿಗೆ ಬೆರೆಸಿದ, ಬಣ್ಣವೆಲ್ಲ ಬಾಣಲೆಯ ಎಣ್ಣೆಗೆ ಇಳಿಯಿತು, ಗೋಬಿ ಬೂದುಗಂದಾಗಿ ಮೇಲೆ ಬಂತು, ಎಣ್ಣೆ ಬೇಗ ಕರಕಾಯಿತು. ಮೆಣಸಿನ ಕೆಂಪು ಕರಗುವುದು ಎಣ್ಣೆಯಲ್ಲಿ, ಹೆಚ್ಚು ಕಾವಿಗೆ ಅದು ಕೆಡುತ್ತದೆ, ಆದ್ದರಿಂದ ಅದನ್ನು ಕರಿಯುವ ಹಿಟ್ಟಿಗೆ ಹಾಕಬಾರದು ಎಂದೆ. ಅವನಿಗೆ ಅಷ್ಟು ಸಾಕಾಯಿತು. ಮೆಣಸಿನಕಾಯಿಯನ್ನು ನೆನೆಸಿ, ನುಣ್ಣಗೆ ರುಬ್ಬಿ, ಎರಡನೆಯ ಬಾಣಲೆಯಲ್ಲಿ ಈರುಳ್ಳಿ ಬೆಂದ ಮೇಲೆ ಹಾಕಿ, ಸಣ್ಣ ಉರಿಯಲ್ಲಿ ಕರಿದ ಗೋಬಿಯನ್ನು ಹೊರಳಿಸಿದ. ಬಂದ ಬಣ್ಣ ದಾಸವಾಳದ್ದಲ್ಲ, ಇಟ್ಟಿಗೆಯದು. ಖಾರ ಏರಲಿಲ್ಲ, ಏಕೆಂದರೆ ಬ್ಯಾಡಗಿಯ ಹಿರಿಮೆಯೇ ಕಡಿಮೆ ಖಾರ, ಗಾಢ ಬಣ್ಣ.

ಇಲ್ಲೊಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಗೋಬಿಯ ಬಣ್ಣವನ್ನು ಬೆಂಗಳೂರಿನಲ್ಲಿ ನಿಷೇಧಿಸಿದ ಅದೇ ಮಾರ್ಚ್ 11ರಂದು, ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಕೆಂಪು ಬಣ್ಣಕ್ಕಾಗಿಯೇ ಹೊರದೇಶಗಳಿಗೂ ಹೋಗುವ ಬೆಳೆ, 2011ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ಬೆಳೆ, ಬೆಲೆ ಸಿಗದೆ ಬಿದ್ದಿತ್ತು. ಅದೇ ನಾಡಿನ ಸಂಜೆಯ ಗಾಡಿಗಳು ಬಟ್ಟೆಯ ಬಣ್ಣವನ್ನು ಹಿಟ್ಟಿಗೆ ಕಲಸುತ್ತಿದ್ದವು. ಎರಡು ಸುದ್ದಿಗಳೂ ಮರುದಿನ ಪತ್ರಿಕೆಯಲ್ಲಿ ಬಂದವು, ಒಂದನ್ನೊಂದು ನೋಡಲಿಲ್ಲ. ಕೃಷಿ ಮಾರುಕಟ್ಟೆ ಒಂದು ಇಲಾಖೆ, ಆಹಾರ ಸುರಕ್ಷತೆ ಇನ್ನೊಂದು. ಗಾಡಿಯವರಿಗೆ ರುಬ್ಬಿದ ಬ್ಯಾಡಗಿಯನ್ನು ಕೈಗೆಟುಕುವ ದರದಲ್ಲಿ ತಲುಪಿಸುವ ಒಂದು ಸಹಕಾರ ಸಂಘ ಪ್ರತಿ ತಾಲ್ಲೂಕಿನಲ್ಲಿದ್ದರೆ ಎರಡೂ ಕಡೆಯ ಸಂಕಟ ಒಂದಿಷ್ಟಾದರೂ ಇಳಿಯುತ್ತಿತ್ತೆಂದು ನಾನು ನಂಬುತ್ತೇನೆ.

ತಟ್ಟೆಯ ಉಳಿದ ಪಾಲು

ಬಣ್ಣ ಹೋಯಿತೆಂದರೆ ತಟ್ಟೆ ಶುದ್ಧವಾಯಿತು ಎಂದಲ್ಲ. ಆ ಗಾಡಿಯಲ್ಲೇ ಎಗ್ ರೈಸ್ ಕೂಡ ಸಿಗುತ್ತದೆ. ಮಧ್ಯಾಹ್ನ ಬೇಯಿಸಿದ ಅನ್ನ ರಾತ್ರಿ ಒಂಬತ್ತರವರೆಗೆ ಡಬ್ಬಿಯಲ್ಲಿ ಬೆಚ್ಚಗೆ ಕುಳಿತಿರುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ, ಆ ಬೆಚ್ಚಗಿನಲ್ಲಿ ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಹುರಿದರೂ ನಾಶವಾಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ. ಕರಿದ ಎಣ್ಣೆಯ ಮೇಲೂ ನಿಯಮವಿದೆ: 2018ರ ಜುಲೈಯಿಂದ, ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದ ಎಣ್ಣೆಯನ್ನು ಬಳಸಬಾರದು. ಅದನ್ನು ಅಳೆಯುವ ಉಪಕರಣ ನಮ್ಮ ಬೀದಿಗೆ ಒಮ್ಮೆಯೂ ಬಂದದ್ದನ್ನು ನಾನು ಕಂಡಿಲ್ಲ. ಕೈ ತೊಳೆಯುವ ನೀರು ಒಂದೇ ಬಕೆಟ್, ತಟ್ಟೆ ಅದ್ದುವುದೂ ಅದರಲ್ಲೇ. ಬಣ್ಣದ ನಿಷೇಧ ಕಣ್ಣಿಗೆ ಕಾಣುವುದನ್ನು ಹಿಡಿಯಿತು. ನೀರು, ಅನ್ನ, ಎಣ್ಣೆಗೆ ಅಂತಹ ಗುರುತಿಲ್ಲ.

ಅನ್ನದ ವಿಷಯವನ್ನು ಗಾಡಿಯವನಿಗೆ ಹೇಳಿದೆ. ಈಗ ಎರಡು ಸಲ ಬೇಯಿಸುತ್ತಾನೆ, ಮಧ್ಯಾಹ್ನ ಅರ್ಧ, ಏಳಕ್ಕೆ ಅರ್ಧ. ನೀರಿಗೆ ನಲ್ಲಿ ಇರುವ ಡ್ರಮ್ ಕೊಂಡ. ಸಣ್ಣ ವ್ಯಾಪಾರಿಗಳ ನೋಂದಣಿಗೆ ಆಗ ವರ್ಷಕ್ಕೆ ನೂರು ರೂಪಾಯಿ ಶುಲ್ಕವಿತ್ತು. ಅರ್ಜಿಯನ್ನು ನನ್ನ ಮೊಬೈಲಿನಲ್ಲೇ ತುಂಬಿದೆವು, ಪ್ರಮಾಣಪತ್ರವನ್ನು ಅವನು ಲ್ಯಾಮಿನೇಟ್ ಮಾಡಿಸಿ ಗಾಡಿಯ ಕಂಬಕ್ಕೆ ಕಟ್ಟಿದ್ದಾನೆ. ಮೊದಲ ಎರಡು ತಿಂಗಳು ವ್ಯಾಪಾರ ಇಳಿಯಿತು, ಆಮೇಲೆ ಇಟ್ಟಿಗೆ ಬಣ್ಣಕ್ಕೆ ಮಕ್ಕಳ ಕಣ್ಣು ಒಗ್ಗಿತು.

ಇಷ್ಟರಲ್ಲಿ ಯಾರೂ ತಟ್ಟದ ಬಾಗಿಲು ಒಂದೇ: ಪುಡಿ ಮಾರುವವರದು. ಮಾದರಿ ತೆಗೆದದ್ದು ಗಾಡಿಯಿಂದ, ಎಚ್ಚರಿಕೆ ಕೊಟ್ಟದ್ದು ಗಾಡಿಗೆ. ನಮ್ಮ ಪೇಟೆಯ ಒಂದು ಅಂಗಡಿಯಲ್ಲಿ ಹೆಸರಿಲ್ಲದ, ತಯಾರಕರ ವಿಳಾಸವಿಲ್ಲದ ಸಣ್ಣ ಪೊಟ್ಟಣಗಳು ಮೊದಲು ಮುಂದೆಯೇ ನೇತಾಡುತ್ತಿದ್ದವು. ನಿಷೇಧವಾದ ಮೇಲೆ ಅವು ಕಾಣಲಿಲ್ಲ. ಹೋದ ತಿಂಗಳು ಅಕ್ಕಿ ಕೊಳ್ಳಲು ಹೋದಾಗ, ಅಡುಗೆಗೆ ಹಾಕುವ ಬಣ್ಣದ ಪುಡಿ ಇದೆಯೇ ಎಂದು ಕೇಳಿದೆ. ಅಂಗಡಿಯವರು ಗಲ್ಲಾದ ಕೆಳಗಿನ ಖಾನೆ ಎಳೆದು, ತಲೆಯೆತ್ತದೆ, ಯಾವ ಬಣ್ಣ ಬೇಕು ಎಂದರು.